ಬರೆಯದೆ ಬಿಟ್ಟ ಎರಡನೇ ಅಧ್ಯಾಯ

ಲ್ಯಾಪ್‌ಟಾಪಿನ ಕಸದ ಬುಟ್ಟಿಯೂ ಖಾಲಿಯಾಗಿತ್ತು. ಜಿತೇಶ್ ಅದನ್ನು ಮತ್ತೊಮ್ಮೆ ತೆರೆದು ನೋಡಿ ಮುಚ್ಚಿದ.

"ಅದನ್ನು ಖಾಲಿ ಮಾಡ್ಲಿಕ್ಕೆ ನೀನೇ ಹೇಳಿದ್ದಲ್ವಾ ಮಗಾ?" ಎಂದರು ವಿನೋದಾ ಮಾಮಿ, ಒಲೆಯ ಮುಂದೆ ನಿಂತು ಚಹಾ ಸೋಸುತ್ತ. ದನಿಯಲ್ಲಿ ಆಕ್ಷೇಪಣೆ ಇರಲಿಲ್ಲ.

ಹೇಳಿದ್ದು ನಿಜ. ಕಳೆದ ವಾರ, ಎರಡು ಮೀಟಿಂಗುಗಳ ನಡುವೆ ಅವರ ಫೋನು ಬಂದಿತ್ತು. ಕನ್ನಡ ಸಂಘದ ಫೋಲ್ಡರ್ ತೆರೆದರೆ ಏನೋ ಕೆಂಪಕ್ಷರ ಬರುತ್ತಿದೆ ಎಂದಿದ್ದರು. ಏನು ಬರೆದಿದೆ ಓದಿ ಎನ್ನುವಷ್ಟು ತಾಳ್ಮೆಯೂ ಇವನಿಗೆ ಇರಲಿಲ್ಲ. ಆ ಫೋಲ್ಡರ್ ಅಳಿಸಿ, ಬುಟ್ಟಿ ಖಾಲಿ ಮಾಡಿ, ಸಂಘದ ಕಡತವನ್ನು ಹೊಸದಾಗಿ ಇಳಿಸಿಕೊಳ್ಳಿ, ಎಲ್ಲ ಸರಿಯಾಗ್ತದೆ ಎಂದುಬಿಟ್ಟಿದ್ದ. ಮಾಮಿ ಇಲ್ಲೇ ಹಾರ್ಬೋರ್ನ್ ಎಂಬ ಈ ಇಂಗ್ಲಿಷ್ ಊರಿನ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು, ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರು. ಹೊಸ ಪ್ರತಿಯಲ್ಲಿ ಉಳಿದವರ ಬರಹಗಳೆಲ್ಲ ಬಂದವು. ತೀರಿಕೊಂಡ ಗಂಡ ಐತಪ್ಪನವರದ್ದು ಮಾತ್ರ ಬರಲಿಲ್ಲ.

ಹಿರಿಯರ ನೆನಪುಗಳನ್ನು ಒಂದು ವೆಬ್‌ಸೈಟಿನಲ್ಲಿ ಹಾಕಬೇಕೆಂಬುದು ಸಂಘದ ಆಸೆ. ಎಲ್ಲರೂ ಇಮೇಲ್ ಮಾಡಿದ್ದರೆ ಮುಗಿದುಹೋಗುತ್ತಿದ್ದ ಕೆಲಸ. ಆದರೆ ಜಿತೇಶ್ ಬಿಡಬೇಕಲ್ಲ! ಸಾಫ್ಟ್‌ವೇರ್ ಕಂಪನಿಯಲ್ಲಿ ಹೊಸಬರಿಗಾಗಿ ಕೈಪಿಡಿ ಬರೆಯುವುದು ಅವನ ಉದ್ಯೋಗ. ಪ್ರೋಗ್ರಾಮರುಗಳು ಬಳಸುವ ಗಿಟ್ ಎಂಬ ವ್ಯವಸ್ಥೆಯಲ್ಲೇ ಇದು ಆಗಬೇಕೆಂದು ಪಟ್ಟು ಹಿಡಿದ, ಅದನ್ನು ವಿವರಿಸಲು ಕನ್ನಡದಲ್ಲೊಂದು ಕೈಪಿಡಿಯನ್ನೂ ಬರೆದ. ಚೆನ್ನಾಗಿಯೇ ಬರೆದಿದ್ದ, ಇಲ್ಲವೆನ್ನಬಾರದು. 'ಇಲ್ಲಿ ಯಾರದೂ ಮೂಲಪ್ರತಿಯಲ್ಲ, ಯಾರದೂ ನಕಲಲ್ಲ. ಪ್ರತಿಯೊಬ್ಬರ ಮನೆಯಲ್ಲೂ ಇಡೀ ಪುಸ್ತಕ, ಹಳೆಯ ತಿದ್ದುಪಡಿಗಳ ಸಮೇತ, ಇರುತ್ತದೆ. ಒಂದು ಮನೆ ಸುಟ್ಟುಹೋದರೂ ಒಂದಕ್ಷರ ಹೋಗುವುದಿಲ್ಲ.' ಈ ಸಾಲು ಐತಪ್ಪ ಮಾವನಿಗೆ ಬಹಳ ಹಿಡಿಸಿತ್ತು. ಸಂಘದವರು ಎಲ್ಲಿ ಸಿಕ್ಕಿದರೂ ಅದನ್ನೇ ಹೇಳಿ ಅವರ ತಲೆ ತಿನ್ನುತ್ತಿದ್ದರು.

ಕೈಪಿಡಿ ಹೇಳದೆ ಬಿಟ್ಟ ಮಾತೊಂದಿತ್ತು. ಬರೆದದ್ದನ್ನು ಕಮಿಟ್ ಮಾಡಿದರೆ, ಅಂದರೆ ದಾಖಲಿಸಿದರೆ, ಅದು ಭದ್ರವಾಗುವುದು ಬರೆದವರ ಯಂತ್ರದಲ್ಲಿ ಮಾತ್ರ. ಉಳಿದವರಿಗೆ ತಲುಪಬೇಕಾದರೆ ಆಮೇಲೆ ಪುಶ್ ಎಂಬ ಇನ್ನೊಂದು ಆಜ್ಞೆ ಕೊಡಬೇಕು. ಮೊದಲ ದಿನವೇ ಎಲ್ಲ ಹೇಳಿದರೆ ವಯಸ್ಸಾದವರು ಹೆದರುತ್ತಾರೆ ಎಂದು ಜಿತೇಶ್ ಅದನ್ನು ಎರಡನೇ ಅಧ್ಯಾಯಕ್ಕೆ ಇಟ್ಟುಕೊಂಡಿದ್ದ. ಎರಡನೇ ಅಧ್ಯಾಯ ಬರೆಯಲು ಪುರುಸೊತ್ತಾಗಲಿಲ್ಲ. ಉಳಿದ ಮನೆಗಳಲ್ಲಿ ಮಕ್ಕಳೋ ಸೊಸೆಯಂದಿರೋ ಪಕ್ಕದಲ್ಲಿ ಕುಳಿತು ಮಾಡಿಕೊಟ್ಟರು. ಕೈಪಿಡಿಯೊಂದನ್ನೇ ನಂಬಿ ಕೆಲಸ ಮಾಡಿದವರು ಐತಪ್ಪ ಮಾವ ಒಬ್ಬರೇ.

ಊಟವಾದ ಮೇಲೆ ದಿನವೂ ಮಹಡಿಯ ಸಣ್ಣ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಬರೆಯುತ್ತಿದ್ದರಂತೆ. ಮುಲ್ಕಿಯ ಬಾಲ್ಯ, ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆಯುತ್ತ ಕಲಿತ ರಾತ್ರಿಶಾಲೆ, ಆಮೇಲೆ ಈ ದೇಶ. ಹೆಂಡತಿ ಒಳಗೆ ಇಣುಕಿದರೆ, ಈಗ ಬೇಡ, ಎಲ್ಲರೊಟ್ಟಿಗೆ ಓದು ಎಂದು ಕಳಿಸಿಬಿಡುತ್ತಿದ್ದರಂತೆ. ಅವರ ಯಂತ್ರದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತಿದ್ದುದರಿಂದ ಅನುಮಾನಕ್ಕೆ ಕಾರಣವೇ ಇರಲಿಲ್ಲ. ಈಗ ವರ್ಷಾಂತಿಕ ಹತ್ತಿರ ಬಂದಿತ್ತು. ಆ ದಿನ ಎಲ್ಲರೆದುರು ಅದನ್ನು ಓದಿಸಬೇಕೆಂದು ಮಾಮಿ ಮಾವನ ಲ್ಯಾಪ್‌ಟಾಪ್ ತೆರೆದಾಗಲೇ ಆ ಕೆಂಪಕ್ಷರ ಕಂಡದ್ದು.

ಎಂಥ ಕೆಲಸ ಮಾಡಿಬಿಟ್ಟೆ! ಸಂಘದ ಕಡತದ ತಿದ್ದುಪಡಿಗಳ ಚರಿತ್ರೆಯನ್ನು ಜಿತೇಶ್ ಬೆಳಿಗ್ಗೆಯೇ ತನ್ನ ಮನೆಯಲ್ಲಿ ಜಾಲಾಡಿ ಬಂದಿದ್ದ. ಐತಪ್ಪ ಮಾವನ ಹೆಸರು ಅದರಲ್ಲಿ ಒಂದು ಕಡೆಯೂ ಇರಲಿಲ್ಲ. ಅಳಿಸಿದ್ದನ್ನು ಮರಳಿ ತರುವ ತಂತ್ರಾಂಶವನ್ನೂ ಈಗ ಓಡಿಸಿ ನೋಡಿದ್ದಾಯಿತು, ಏನೂ ಸಿಗಲಿಲ್ಲ.

"ಸಿಗುದಿಲ್ಲ ಮಾಮಿ," ಎಂದ. "ಬೇರೆ ಎಲ್ಲಿಯೂ ಇಲ್ಲ."

ಯಾಕೆ ಇಲ್ಲ ಎಂಬುದನ್ನು ಮಾತ್ರ ಹೇಳಲಿಲ್ಲ. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮಾಮಿ ಚಹಾದ ಲೋಟವನ್ನು ಅವನ ಮುಂದಿಟ್ಟು, ಎದುರಿನ ಕುರ್ಚಿ ಎಳೆದುಕೊಂಡು ಕುಳಿತರು.

"ನಾನೊಂದು ಸಲ ಬಾಗಿಲು ದೂಡಿ ಹೋಗಿ ಓದಿದ್ರೆ ಆಗ್ತಿತ್ತು," ಎಂದರು. "ಬೇಡ ಅಂದ್ರು, ಬಿಟ್ಟೆ." ಆಮೇಲೆ ಅವರ ಮುಖ ಸ್ವಲ್ಪ ಅರಳಿತು. "ಆದ್ರೆ ನೀನು ಓದಿದ್ದೀಯಲ್ಲ. ಆಸ್ಪತ್ರೆಯಲ್ಲಿ ಮಲಗಿದ್ದಾಗ್ಲೂ ಅದನ್ನೇ ಹೇಳ್ತಿದ್ರು. ಯಾರು ಓದದಿದ್ರೂ ಜಿತೇಶ ಓದಿದ್ದಾನೆ, ಅವನಿಗೆ ಲಾಯ್ಕಾಗಿದೆ ಅಂತ."

ಗಣಪತಿ ಪೂಜೆಯ ಊಟದ ಸಾಲು ಜಿತೇಶನ ಕಣ್ಣ ಮುಂದೆ ಬಂತು. ಕೈಯಲ್ಲಿ ತಟ್ಟೆ, ಹಿಂದಿನವರ ನೂಕು. ಓದಿದ್ಯಾ ಮಾರಾಯಾ ಎಂದು ಮಾವ ಕೇಳಿದ್ದರು. ಹಿರಿಯರು ಕೇಳಿದರೆ ಇಲ್ಲ ಎನ್ನುವ ರೂಢಿ ಅವನ ಮನೆಯಲ್ಲಿ ಯಾರಿಗೂ ಇಲ್ಲ. ಒಂದಕ್ಷರ ಓದಿರದಿದ್ದರೂ, ಓದಿದೆ ಮಾವ, ಭಾರೀ ಲಾಯ್ಕುಂಟು ಎಂದು ಪಲ್ಯಕ್ಕೆ ತಟ್ಟೆ ಚಾಚಿದ್ದ. ಇಲ್ಲ, ನನಗೆ ಕಾಣ್ತಾ ಇಲ್ಲ ಎಂದಿದ್ದರೆ, ಮಾವ ಬರೆದದ್ದು ಯಾರಿಗೂ ತಲುಪಿಲ್ಲವೆಂದು ಅಲ್ಲೇ ಗೊತ್ತಾಗುತ್ತಿತ್ತು. ಮಾವ ಎಷ್ಟು ಸಂತೋಷದಿಂದ ಅವನ ಬೆನ್ನು ತಟ್ಟಿದ್ದರು!

"ಮಾಮಿ..." ಎಂದ.

"ಗೊತ್ತುಂಟು, ಎಲ್ಲ ನೆನಪಿರ್ಲಿಕ್ಕಿಲ್ಲ. ನೆನಪಿದ್ದಷ್ಟು ಹೇಳು, ಸಾಕು."

ಅವರು ಲ್ಯಾಪ್‌ಟಾಪನ್ನು ತಮ್ಮ ಕಡೆಗೆ ತಿರುಗಿಸಿಕೊಂಡರು. ಹೊಸದೊಂದು ಪುಟ ತೆರೆದು, ಒಂದೊಂದೇ ಅಕ್ಷರ ಹುಡುಕಿ ಗಂಡನ ಹೆಸರು ಒತ್ತಿದರು. ಕನ್ನಡಕವನ್ನು ಸೆರಗಿನಿಂದ ಒರೆಸಿ ಹಾಕಿಕೊಂಡರು.

"ಎಲ್ಲಿಂದ ಸುರು ಮಾಡಿದ್ರು ಮಗಾ?" ಎಂದು ಕೇಳಿ, ಎರಡು ಬೆರಳುಗಳನ್ನು ಕೀಲಿಮಣೆಯ ಮೇಲಿಟ್ಟು ಅವನ ಮುಖವನ್ನೇ ನೋಡುತ್ತ ಕುಳಿತರು.