ನಮ್ಮಣ್ಣಗ ಹಚ್ಚಿದ ಫೋನು

ನನ್ನ ಹೊಸ ಪಿಕಪ್ಪಿನೊಳಗೆ ಒಬ್ಬ ಹೆಂಗಸು ಇದ್ದಾಳೆ. ಕಣ್ಣಿಗೆ ಕಾಣುವುದಿಲ್ಲ, ಮಾತಾಡುತ್ತಾಳೆ ಅಷ್ಟೆ. ಸ್ಟೇರಿಂಗಿನ ಮೇಲಿನ ಬಟನ್ ಒತ್ತಿದರೆ ಸಾಕು, "ಹೇಳಿ, ನಾನು ಏನು ಸಹಾಯ ಮಾಡಲಿ?" ಎನ್ನುತ್ತಾಳೆ. ಮಾತು ಬೆಣ್ಣೆ, ಕೆಲಸ ಸೊನ್ನೆ. "ಫೋನ್ ಹಚ್ಚು" ಎಂದರೆ ತಿಳಿಯುವುದಿಲ್ಲ, "ಕರೆ ಮಾಡು" ಎನ್ನಬೇಕಂತೆ. ನಮ್ಮ ಬಾಯಲ್ಲಿ ಅದು "ಕರಿ ಮಾಡು" ಆಗುತ್ತದೆ. ಆಗ "ಕ್ಷಮಿಸಿ, ಅರ್ಥವಾಗಲಿಲ್ಲ" ಎಂದು ರಾಗ ಎಳೆಯುತ್ತಾಳೆ. ಏನನ್ನು ಕರಿ ಮಾಡಬೇಕು ಎಂದಾದರೂ ಕೇಳಬಾರದೇ? ನಮ್ಮೂರು ಮರಳಿಯಿಂದ ಗಂಗಾವತಿ ಮುಟ್ಟುವುದರೊಳಗೆ ಅವಳಿಗೂ ನನಗೂ ಜಗಳ ಆಗಿಯೇ ಇರುತ್ತದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಊರಿಗೆಲ್ಲ ಗೊತ್ತಿರುವ ಸಂಗತಿ.

ಇನ್ನೊಂದು ಸಂಗತಿ ಊರಿಗೆ ಗೊತ್ತು, ಅವಳಿಗೆ ಗೊತ್ತಿರಲಿಲ್ಲ. ನಾವು ಅಪ್ಪನನ್ನು ಅಪ್ಪ ಎನ್ನುವುದಿಲ್ಲ, ಅಣ್ಣ ಎನ್ನುತ್ತೇವೆ. ಕೂಡಿದ ಮನೆಯಲ್ಲಿ ಅಪ್ಪನ ತಮ್ಮಂದಿರು, ನಮ್ಮ ಕಾಕಾಗಳೆಲ್ಲ ಅವನನ್ನು ಅಣ್ಣ ಅಣ್ಣ ಎಂದು ಕರೆಯುತ್ತಿದ್ದರು, ನಾವೂ ಅದನ್ನೇ ಕಲಿತೆವು. ಹುಟ್ಟಿನಿಂದ ಅಣ್ಣನಾದವನು ಶರಣಕುಮಾರ, ಯಲಬುರ್ಗಾದಲ್ಲಿ ಸಾಲಿ ಮಾಸ್ತರ. ಅವನು 'ನಮ್ಮಣ್ಣ'. ಅಣ್ಣ ಎಂದರೆ ಅಪ್ಪ, ನಮ್ಮಣ್ಣ ಎಂದರೆ ಶರಣಕುಮಾರ. ಇದರಲ್ಲಿ ನಮ್ಮ ಓಣಿಯ ಚಿಕ್ಕ ಹುಡುಗರಿಗೂ ಗೊಂದಲವಿಲ್ಲ.

ಅಣ್ಣ ಟೆಂಪೋ ಹೊಡೆದು ನಮ್ಮನ್ನು ಸಾಕಿದವನು. ತಾವರಗೇರಾದ ಮಕ್ಬುಲಸಾಬ ಕಾಕಾ ಮತ್ತು ಅವನು ಒಂದೇ ಟೆಂಪೋವನ್ನು ಪಾಳಿ ಮೇಲೆ ಹೊಡೆದ ಜೋಡಿ. ಕಾಕಾನ ಮೊಮ್ಮಗಳು ಖುಷ್ಬುವಿನ ನಿಕಾ ಶುಕ್ರವಾರಕ್ಕೆ ನಿಗದಿಯಾಗಿತ್ತು. "ಏ ಗವಿಸಿದ್ದ, ಮಗನ ಮಗ್ಗಲಕ ಕುಂತು ಬರಬ್ಯಾಡ. ಹೊಸ ಗಾಡಿ ನೀನ ಹೊಡಕೊಂಡು ಬಾ. ಊರ ಮಂದಿ ನೋಡ್ಲಿ" ಎಂದು ಕಾಕಾ ಅಣ್ಣನಿಗೆ ಫೋನಿನಲ್ಲಿ ಹೇಳಿದ್ದ. ಅವತ್ತಿನಿಂದ ಅಣ್ಣನಿಗೆ ಅದೊಂದೇ ಧ್ಯಾನ. ಬೆಳಿಗ್ಗೆ ಎದ್ದವನೇ ಗಾಡಿಯೊಳಗೆ ಕುಳಿತು ಇದೇನಲೇ, ಅದೇನಲೇ ಎಂದು ಕೇಳುತ್ತಿದ್ದ. ಎಸಿ ಗಾಳಿಗೆ ಅಂಗೈ ಒಡ್ಡಿ ನೋಡಿದ. ಎರಡು ಸೀಟಿನ ನಡುವಿನ ಡಬ್ಬಿ ತೆಗೆದು, ಅದರೊಳಗೆ ತನ್ನ ಎಲೆ ಅಡಿಕೆ ಚೀಲ ಇಟ್ಟು, ಮುಚ್ಚಿ, ಮತ್ತೆ ತೆಗೆದ.

ಆಮೇಲೆ ನಾನು ರಿವರ್ಸ್ ಹಾಕಿ, ಹಿಂದಿನ ಕ್ಯಾಮೆರಾ ಹೇಗೆ ಕಾಣುತ್ತದೆಂದು ಪರದೆಯಲ್ಲಿ ತೋರಿಸಿದೆ.

"ನಿಲ್ಲಲೇ ನಿಲ್ಲು, ಹಿಂದ ನಾಯಿ ಮಲಗೈತಿ!" ಎಂದು ಅಣ್ಣ ಕೂಗಿದ.

ಅಲ್ಲಿದ್ದದ್ದು ಖಾಲಿ ಗೋಣಿಚೀಲ. ಹೋದ ತಿಂಗಳು ಅವನು ಸ್ಕೂಟರನ್ನು ಕಾಲುವೆ ಕಟ್ಟೆಗೆ ಗುದ್ದಿದ್ದು, ಅವನು ಹೇಳಿದಂತೆ ಕಲ್ಲು ಅಡ್ಡ ಬಂದದ್ದಕ್ಕಲ್ಲ, ಕಣ್ಣಿಗೆ ಪೊರೆ ಬಂದದ್ದಕ್ಕೆ ಎಂದು ಆಗ ಹೊಳೆಯಿತು. "ಅಣ್ಣ, ನಿನ್ನ ಕಣ್ಣು ಮಂಜಾಗ್ಯಾವ, ಡಾಕ್ಟರಿಗೆ ತೋರಸೂಣು" ಎಂದಿದ್ದರೆ ಮುಗಿಯುತ್ತಿತ್ತು. ಊರಿಗೆಲ್ಲ ಬಾಯಿ ಮಾಡುವ ನನಗೆ ಅವನ ಮುಂದೆ ಅಷ್ಟು ಹೇಳಲು ನಾಲಿಗೆ ಏಳಲಿಲ್ಲ. ಗಾಡಿ ಬಂದ್ ಮಾಡಿ ಇಳಿದೆ. ಅಷ್ಟರಲ್ಲಿ ಅವನು ನನ್ನ ಸೀಟಿಗೆ ಬಂದು ಸ್ಟೇರಿಂಗ್ ಹಿಡಿದು, ಕೀಲಿಗಾಗಿ ಕೈ ಚಾಚಿದ.

"ಅಣ್ಣ, ಇದು ನನ್ನ ಫೋನಿಗೆ ಕಟ್ಟಿದ ಗಾಡಿ. ನನ್ನ ಫೋನ್ ಇಲ್ಲದ ಬ್ಯಾರೆದವ್ರ ಕೈಯಾಗ ಚಾಲೂ ಆಗಂಗಿಲ್ಲ. ಕಂಪನಿ ಕಾನೂನು" ಎಂದುಬಿಟ್ಟೆ.

"ಹೌದಾ?" ಎಂದು ಅವನು ಸ್ಟೇರಿಂಗಿನಿಂದ ಕೈ ತೆಗೆದ. ಮುಖ ಸಣ್ಣದಾಯಿತು. ಆದರೂ "ಛಲೋ ಆತು ಬಿಡು, ಕಳ್ಳರ ಕಾಟಿಲ್ಲ" ಎಂದು ಇಳಿದು ಹೋದ.

ಬುಧವಾರ ಮಧ್ಯಾಹ್ನ ಕುಷ್ಟಗಿಯಲ್ಲಿ ಅಕ್ಕಿ ಇಳಿಸಿ ಖಾಲಿ ಗಾಡಿಯಲ್ಲಿ ಹೊರಟಿದ್ದೆ. ನನ್ನ ಜಾಣತನವನ್ನು ಯಾರಿಗಾದರೂ ಹೇಳದಿದ್ದರೆ ಹೊಟ್ಟೆ ಉಬ್ಬುವಂತಾಗಿತ್ತು. ಬಟನ್ ಒತ್ತಿದೆ.

"ಯವ್ವಾ, ನಮ್ಮಣ್ಣಗ ಕರೆ ಮಾಡು ತಾಯಿ" ಎಂದು ನಾಲಿಗೆ ತಿದ್ದಿಕೊಂಡು ಹೇಳಿದೆ.

"ಅಣ್ಣ ಅವರಿಗೆ ಕರೆ ಮಾಡಲಾಗುತ್ತಿದೆ" ಎಂದಳು.

"ಶಾಣ್ಯಾಕಿ ಆದಿ ನೋಡು!" ಎಂದು ಹೊಗಳಿದೆ. ಪರದೆ ನೋಡಲಿಲ್ಲ. ಮುಂದೆ ಹತ್ತಿ ಹೇರಿದ ಲಾರಿಯೊಂದು ದಾರಿ ಬಿಡದೆ ಹೋಗುತ್ತಿತ್ತು. ಆ ಕಡೆಯಿಂದ "ಹೂಂ" ಎಂದು ಕೇಳಿತು. ನಮ್ಮಣ್ಣ ಸಾಲಿಯಲ್ಲಿದ್ದಾಗ ಹೂಂ ಬಿಟ್ಟರೆ ಬೇರೆ ಮಾತಾಡುವುದೇ ಇಲ್ಲ. ನಾನು ಶುರು ಮಾಡಿದೆ.

"ಕೇಳಿಲ್ಲಿ, ಅಣ್ಣನ ಕಾಟ ತಡಕೊಳ್ಳಾಕ ಆಗವಲ್ದು. ಶುಕ್ರವಾರ ತಾನ ಗಾಡಿ ಹೊಡೀತಾನಂತ. ಕಣ್ಣಿಗೆ ಚೀಲ ಯಾವುದು ನಾಯಿ ಯಾವುದು ತಿಳಿಯಂಗಿಲ್ಲ. ಅದಕ್ಕ ಒಂದು ಬಂಡಲ್ ಬಿಟ್ಟೀನಿ. ನನ್ನ ಫೋನ್ ಇಲ್ಲಂದ್ರ ಗಾಡಿ ಚಾಲೂ ಆಗಂಗಿಲ್ಲ, ಕಂಪನಿ ಕಾನೂನು ಅಂತ! ಮುದುಕ ಪೂರಾ ನಂಬ್ಯಾನ. ಕರೆಂಟ್ ಹೊಡದಂಗ ಹೆಂಗ ಕೈ ತಗದ ಅಂತಿ!"

ನಾನೇ ಹೇಳಿ ನಾನೇ ನಕ್ಕೆ. ಗಾಡಿ ತುಂಬ ನನ್ನ ನಗುವೇ. ಆ ಕಡೆ ಇನ್ನೊಮ್ಮೆ "ಹೂಂ" ಎಂದು ಕೇಳಿ, ಫೋನು ಕಟ್ಟಾಯಿತು.

ಕನಕಗಿರಿ ಹತ್ತಿರ ಬಂದಾಗ ಗಾಡಿಯೊಳಗೆ ಫೋನು ಹೊಡೆದುಕೊಂಡಿತು. ಶರಣಕುಮಾರ.

"ಏನಲೇ, ಎರಡು ದಿನದಿಂದ ಒಂದು ಫೋನಿಲ್ಲ, ಏನಿಲ್ಲ. ಎಲ್ಲಿ ಅದಿ?"

"ಈಗರ ಮಾತಾಡೀವಲ್ಲೋ?"

"ಯಾರ ಜೋಡಿ? ನಾ ಮುಂಜಾನಿಂದ ಪರೀಕ್ಷಾ ಹಾಲ್‌ನ್ಯಾಗ ಇದ್ದೆ, ಈಗರ ಹೊರಗ ಬಂದೀನಿ."

ಗಾಡಿಯನ್ನು ಬದಿಗೆ ಹಾಕಿ ಪರದೆ ನೋಡಿದೆ. ನಾನು ಮಾಡಿದ ಕೊನೆಯ ಕರೆಯ ಮುಂದೆ 'ಅಣ್ಣ' ಎಂದಿತ್ತು, ಅಪ್ಪನ ನಂಬರು. ನಮ್ಮಣ್ಣನ ಹೆಸರನ್ನು 'ಶರಣಣ್ಣ' ಎಂದು ಬರೆದುಕೊಂಡವನು ನಾನೇ. ಅವಳಿಗೆ ತಿಳಿದಿರುವುದು ಒಬ್ಬನೇ ಅಣ್ಣ. "ರಂಡೆ, ಕೇಳಬಾರದಿತ್ತೇನ ಒಂದು ಮಾತು!" ಎಂದು ಡ್ಯಾಶ್‌ಬೋರ್ಡಿಗೆ ಗುದ್ದಿದೆ. ಆದರೆ 'ಮುದುಕ' ಎಂದದ್ದು ಅವಳಲ್ಲವಲ್ಲ. ನಕ್ಕದ್ದೂ ಅವಳಲ್ಲ.

ಮನೆಗೆ ಬಂದರೆ ಅವ್ವ ವಿರೂಪಾಕ್ಷಮ್ಮ ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದಳು. "ನಿಮ್ಮ ಅಣ್ಣ ಮಧ್ಯಾಹ್ನದಾಗ ಅರ್ಧ ಊಟಕ್ಕ ಎದ್ದು ಬಿಟ್ಟ ನೋಡು. ಯಾರದೋ ಫೋನ್ ಬಂದಿತ್ತು. ಯಾರದು ಅಂದ್ರ ರಾಂಗ್ ನಂಬರ್ ಅಂದ" ಎಂದಳು.

ಅಣ್ಣ ಒಳಗೆ ಮಲಗಿದ್ದ. ಹೊಸ್ತಿಲ ತನಕ ಹೋದೆ. "ಅಣ್ಣ" ಎಂದೆ. "ಬಂದ್ಯಾ? ಉಂಡು ಮಲಕೋ" ಎಂದ. ಬೈದಿದ್ದರೆ ತಿರುಗಿ ಮಾತಾಡುತ್ತಿದ್ದೆ, ಅದು ನನಗೆ ಬರುವ ವಿದ್ಯೆ. ಬೈಯದವನ ಮುಂದೆ ಏನು ಮಾಡಬೇಕೆಂದು ತಿಳಿಯದೆ ತಿರುಗಿ ಬಂದೆ.

ಶುಕ್ರವಾರ ಅಣ್ಣ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ರುಮಾಲು ಸುತ್ತಿ ಹೊರಬಂದ. ಬಂದವನು ಸೀದಾ ಎಡಗಡೆಯ ಬಾಗಿಲಿಗೆ ಹೋದ. ನಾನು ಓಡಿ ಹೋಗಿ ಕೀಲಿಯನ್ನು ಅವನ ಮುಂದೆ ಹಿಡಿದೆ.

"ಅಣ್ಣ, ಊರ ಹೊರಗಿನ ತನಕ ನೀ ಹೊಡಿ. ನಾ ಮಗ್ಗಲಕ ಕುಂದರತೀನಿ."

ಅವನು ಕೀಲಿಯನ್ನು ನೋಡಿದ, ನನ್ನನ್ನು ನೋಡಲಿಲ್ಲ. "ನಿನ್ನ ಫೋನಿಲ್ಲದ ಚಾಲೂ ಆಗಂಗಿಲ್ಲಲ್ಲೋ" ಎಂದು ಹತ್ತಿ ಕುಳಿತು ಬೆಲ್ಟ್ ಎಳೆದುಕೊಂಡ. ಬೆಲ್ಟಿನ ಕೊಂಡಿ ಅವನಿಗೆ ಕಾಣಲಿಲ್ಲ, ತಡಕಾಡಿದ. ನಾನು ಬಗ್ಗಿ ಹಾಕಿದೆ.

ಕನಕಗಿರಿ ದಾಟಿದೆವು. ಅಣ್ಣ ಒಮ್ಮೆ ನಡುವಿನ ಡಬ್ಬಿ ತೆಗೆದು ತನ್ನ ಎಲೆ ಅಡಿಕೆ ಚೀಲ ಎತ್ತಿ ಜೇಬಿಗೆ ಹಾಕಿಕೊಂಡ. ಆಗ ನನ್ನ ನಂಬರಿಗೆ ಮಕ್ಬುಲಸಾಬ ಕಾಕಾನ ಫೋನು ಬಂತು. ಬಟನ್ ಒತ್ತಿದೆ, ಕಾಕಾನ ದನಿ ನಾಲ್ಕೂ ಸ್ಪೀಕರಿನಿಂದ ಬಂತು.

"ಗವಿಸಿದ್ದ, ಎಲ್ಲಿ ಅದಿಯೋ? ನೀನ ಹೊಡಿಯಾಕತ್ತೀಯಲ್ಲ ಮತ್ತ?"

ಅಣ್ಣ ಮುಂದಕ್ಕೆ ಬಾಗಿ ಪರದೆಗೆ ಬಾಯಿ ಹಚ್ಚಿದಂತೆ ಮಾತಾಡಿದ. "ಇಲ್ಲೋ, ಹುಡುಗ ಹೊಡಿಯಾಕತ್ತಾನ. ಈ ಗಾಡಿ ಅವನ ಫೋನಿಲ್ಲದ ಚಾಲೂ ಆಗಂಗಿಲ್ಲ."

"ಅರೆ ತೇರಿ! ನಿನ್ನ ಕೈ ಮುಟ್ಟಿದ್ರ ಗುಜರಿ ಟೆಂಪೋನೂ ಚಾಲೂ ಆಗತಿತ್ತು. ಯಾರಂದ್ರೋ ನಿನಗ ಹಂಗ?"

"ನನ್ನ ಮಗ ಅಂದಾನ. ಅವ ನನ್ನ ಮುಂದ ಸುಳ್ಳ ಹೇಳಂಗಿಲ್ಲ."

ಫೋನು ಕಟ್ ಮಾಡಲು ಹೋಗಿ ದನಿ ಹೆಚ್ಚಾಗುವ ಬಟನ್ ಒತ್ತಿದೆ. ಕಾಕಾನ ನಗು ಗಾಡಿಯಲ್ಲಿ ಹಿಡಿಸಲಾರದಷ್ಟಾಯಿತು. ತಡೆಯಲಾಗಲಿಲ್ಲ ನನಗೆ.

"ಕಾಕಾ, ನಾ ಸುಳ್ಳ ಹೇಳೀನ್ರಿ" ಎಂದು ಕೂಗಿದೆ. "ಗಾಡಿ ಯಾರ ಕೈಯಾಗರ ಚಾಲೂ ಆಕ್ಕೈತ್ರಿ. ಅಣ್ಣನ ಕಣ್ಣಿಗೆ ಪೊರಿ ಬಂದೈತಿ. ಹೇಳಾಕ ಬಾಯಿ ಬರಲಿಲ್ಲ. ಮ್ಯಾಲೆ ನಕ್ಕೀನಿ. ತಪ್ಪಾತ್ರಿ."

ಕಾಕಾನ ನಗು ನಿಂತಿತು. "ಬರ್ರೆಪಾ, ಹುಷಾರಿಲೆ ಬರ್ರಿ" ಎಂದು ಫೋನಿಟ್ಟ.

ಗಾಡಿ ನಿಲ್ಲಿಸಿದೆ. ಅಣ್ಣ ರುಮಾಲಿನ ತುದಿಯಿಂದ ಕಣ್ಣು ಒರೆಸಿಕೊಂಡ. ಪೊರೆಗೋ, ನನಗೋ, ನಾನು ಕೇಳಲಿಲ್ಲ. ಆಮೇಲೆ ಮೆತ್ತಗೆ ಹೇಳಿದ.

"ಇದನ್ನ ಅಣ್ಣಗ ಹೇಳಬೇಕಾಗಿತ್ತಲ್ಲೋ. ನಿಮ್ಮಣ್ಣಗ ಯಾಕ ಹೇಳಾಕ ಹೋಗಿದ್ದಿ?"