ಕಂಡಕ್ಟರ್ ಗುಡದಪ್ಪ ಕಟ್ಟಿದ ದಂಡ

ರಾಣೆಬೆನ್ನೂರು ಡಿಪೋದಲ್ಲಿ ಮೂವತ್ತೊಂದು ವರ್ಷ ಕಂಡಕ್ಟರನಾಗಿದ್ದು ನಿವೃತ್ತನಾದ ಗುಡದಪ್ಪನಿಗೆ ಟಿಕೆಟ್ಟಿನ ವಿಷಯದಲ್ಲಿ ಬುದ್ಧಿ ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ಕುಪ್ಪೇಲೂರಿನ ಬಸ್ಸಿರಲಿ, ಬ್ಯಾಡಗಿಯದಿರಲಿ, ಟಿಕೆಟ್ ಇಲ್ಲದವನನ್ನು ಅವನು ಮುಖ ನೋಡಿಯೇ ಹಿಡಿಯುತ್ತಿದ್ದ. ಟಿಕೆಟ್ ಕಳೆದುಕೊಂಡೆ ಎಂದವರಿಗೆ ಅವನದು ಒಂದೇ ಮಾತು: "ಮತ್ತೊಂದು ತಗೋ, ಇಲ್ಲಾ ಇಳಿ."

ಹೆಂಡತಿ ಭರಮವ್ವನ ತಂಗಿಯ ಮಗಳು ಸುಚಿತ್ರಾ ಬೆಂಗಳೂರಿನಲ್ಲಿ ನರ್ಸು. ಅವಳ ಮಗುವಿಗೆ ಹೆಸರಿಡುವ ಕಾರ್ಯಕ್ಕೆ ಗಂಡ ಹೆಂಡತಿ ರೈಲು ಹತ್ತಿ ಬೆಳಿಗ್ಗೆ ಯಶವಂತಪುರದಲ್ಲಿ ಇಳಿದರು. ಸುಚಿತ್ರಾಳ ಮನೆ ಬನಶಂಕರಿಯ ಕಡೆ. ಮೆಟ್ರೋ ಹತ್ತಿದರೆ ನೆಟ್ಟಗೆ ಅಲ್ಲಿಗೇ ಬರುತ್ತೀರಿ ಎಂದು ಫೋನಿನಲ್ಲಿ ಹೇಳಿದ್ದಳು.

"ನೀ ನನ್ನ ಹಿಂದ ಹಿಂದ ಬಾ. ನಡುವ ಬಾಯಿ ಹಾಕಬ್ಯಾಡ," ಎಂದ ಗುಡದಪ್ಪ, ಮೆಣಸಿನಕಾಯಿಯ ಚೀಲವನ್ನು ಹೆಗಲಿಗೇರಿಸುತ್ತ.

ಕೌಂಟರಿನಲ್ಲಿ ದುಡ್ಡು ಕೊಟ್ಟರೆ ಕಾಗದದ ಟಿಕೆಟ್ ಬರಲಿಲ್ಲ. ಎರಡು ದುಂಡನೆಯ ಪ್ಲಾಸ್ಟಿಕ್ ಬಿಲ್ಲೆ ಬಂದವು. ಗುಡದಪ್ಪ ಒಂದನ್ನು ತಿರುವಿ ಮುರುವಿ ನೋಡಿದ. ಎಲ್ಲಿಂದ ಎಲ್ಲಿಗೆ ಅಂತಿಲ್ಲ, ತಾರೀಖಿಲ್ಲ, ದರ ಇಲ್ಲ.

"ಇದೆಂಥಾ ಟಿಕೀಟು? ಹುಡುಗರು ಆಡೋ ಬಿಲ್ಲಿ ಇದ್ದಂಗ ಐತಿ," ಎಂದು ಮೂಗು ಮುರಿದ. ಮುಂದಿನವರು ಮಾಡಿದಂತೆ ಅದನ್ನು ಗೇಟಿನ ಮೇಲೆ ಮುಟ್ಟಿಸಿದ. ಟುಂಯ್ ಅಂದು ಬಾಗಿಲು ತೆರೆಯಿತು. "ನೋಡಿದೀ? ಇಷ್ಟ ಇದರ ಕೆಲಸ."

ಭರಮವ್ವ ತನ್ನ ಬಿಲ್ಲೆಯನ್ನು ಸೆರಗಿನ ಚುಂಗಿಗೆ ಕಟ್ಟಿಕೊಂಡಳು. "ಇಳಿಯೋತನಾ ಟಿಕೀಟು ಜ್ವಾಪಾನ ಅಂತ ನೀವ ಒದರತಿದ್ರೆಲ್ಲಾ."

"ಅದು ಬಸ್ಸಿಗೆ. ರೊಕ್ಕ ಕೊಟ್ಟಾತು, ಬಾಗಲಾ ತಗದಾತು. ಇನ್ನ ಯಾರು ಕೇಳ್ತಾರ? ಇಲ್ಲಿ ಕಂಡಕ್ಟರೇ ಇಲ್ಲ!"

ಕೊನೆಯ ಮಾತು ಹೇಳುವಾಗ ಅವನ ದನಿಯಲ್ಲಿ ಸ್ವಲ್ಪ ಮರುಕವೂ ಇತ್ತು.

ರೈಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಭರಮವ್ವನಿಗೆ ಯಾರೋ ಸೀಟು ಬಿಟ್ಟುಕೊಟ್ಟರು. ಗುಡದಪ್ಪ ಏನನ್ನೂ ಹಿಡಿಯದೆ, ಕಾಲು ಅಗಲಿಸಿ, ಹಳೆಯ ಗತ್ತಿನಲ್ಲಿ ನಿಂತ. ಪಕ್ಕದಲ್ಲೇ ಒಬ್ಬ ಹೆಣ್ಣುಮಗಳ ಕಂಕುಳಲ್ಲಿ ಎರಡು ವರ್ಷದ ಕೂಸು ಒಂದೇ ಸಮನೆ ರಚ್ಚೆ ಹಿಡಿದಿತ್ತು. ತಾಯಿ ಬಾಟಲಿ ಕೊಟ್ಟಳು, ಫೋನು ಕೊಟ್ಟಳು, ಕೇಳಲಿಲ್ಲ. ಸುತ್ತಲಿನವರು ಮುಖ ಗಂಟಿಕ್ಕತೊಡಗಿದರು. ಆಕೆಯ ಕಣ್ಣಲ್ಲೂ ನೀರು ಬರುವ ಹಾಗಿತ್ತು.

ಅಳುವ ಕೂಸುಗಳು ಗುಡದಪ್ಪನಿಗೆ ಹೊಸವಲ್ಲ. ಜೇಬಿನಿಂದ ಬಿಲ್ಲೆ ತೆಗೆದು ಬೆರಳ ಸಂದಿಯಲ್ಲಿ ಮಾಯ ಮಾಡಿದ, ಕೂಸಿನ ಕಿವಿಯ ಹಿಂದಿನಿಂದ ಹೊರತೆಗೆದ. ಕೂಸು ಬಿಕ್ಕುತ್ತಲೇ ನೋಡಿತು. ಮತ್ತೊಮ್ಮೆ ಮಾಡಿದ. ಅದು ಕಿಲಕಿಲ ನಕ್ಕು ಬಿಲ್ಲೆಯನ್ನು ಕಸಿದುಕೊಂಡು ಮುಷ್ಟಿ ಬಿಗಿಯಿತು.

ಅಷ್ಟರಲ್ಲಿ ಮೆಜೆಸ್ಟಿಕ್ ಬಂತು. ಜನ ನುಗ್ಗಿದರು. "ಅಯ್ಯೋ ಅಂಕಲ್, ನಿಮ್ಮ ಟೋಕನ್..." ಎಂದು ಇಳಿಯುವವರ ನೂಕಿನಲ್ಲಿ ಕೂಸಿನೊಂದಿಗೆ ಹೊರಬಿದ್ದ ತಾಯಿ ಹಿಂದಕ್ಕೆ ತಿರುಗಿ ಕೂಗಿದಳು.

"ಇರ್ಲಿ ತಗೋ ತಂಗಿ, ಕೂಸು ಆಡ್ಲಿ!" ಗುಡದಪ್ಪ ಜಮೀನು ಉಂಬಳಿ ಬಿಟ್ಟವನಂತೆ ಕೈಬೀಸಿದ. ಬಾಗಿಲು ಮುಚ್ಚಿತು.

ಬನಶಂಕರಿಯಲ್ಲಿ ಇಳಿದು ಗೇಟಿನ ಹತ್ತಿರ ಬಂದಾಗ ಭರಮವ್ವ ಎರಡು ಗಳಿಗೆ ನಿಂತು ನೋಡಿದಳು. ಎಲ್ಲರೂ ಬಿಲ್ಲೆಯನ್ನು ಒಂದು ಸಂದಿಯಲ್ಲಿ ಹಾಕಿ ಹೋಗುತ್ತಿದ್ದರು. ಆಕೆ ಚುಂಗು ಬಿಚ್ಚಿ ತನ್ನದನ್ನು ಹಾಕಿದಳು, ಆಚೆ ದಾಟಿ ನಿಂತಳು. ಗುಡದಪ್ಪ ಈಚೆಗೇ ಉಳಿದ.

"ಟೋಕನ್ ಹಾಕಿ ಸರ್," ಎಂದಳು ಅಲ್ಲಿ ನಿಂತಿದ್ದ ಸಿಬ್ಬಂದಿಯ ಹುಡುಗಿ. ಎದೆಯ ಮೇಲಿನ ಪಟ್ಟಿಯಲ್ಲಿ ಶಿಲ್ಪಾ ಎಂದಿತ್ತು.

"ಅದು... ಕೂಸಿನ ಕೈಯಾಗ ಹೋತ್ರಿ."

"ಯಾವ ಕೂಸು? ನಿಮ್ಮದಾ?"

"ನಮ್ಮದಲ್ರಿ. ಯಾರದೋ."

ಹೇಳುತ್ತಿದ್ದ ಹಾಗೆಯೇ ಅವನ ಕಿವಿ ಬಿಸಿಯಾಯಿತು. ಟಿಕೆಟ್ಟನ್ನು ಎಮ್ಮೆ ತಿಂತು ಎಂದವರನ್ನು ಅವನು ನೋಡಿದ್ದ, ಗಾಳಿಗೆ ಹಾರಿತು ಎಂದವರನ್ನು ನೋಡಿದ್ದ, ಹಿಂದಿನ ಸೀಟಿನ ಮಾವನ ಹತ್ತಿರ ಇದೆ ಎಂದು ಇಲ್ಲದ ಮಾವನನ್ನು ತೋರಿಸಿದವರನ್ನೂ ನೋಡಿದ್ದ. ಇಷ್ಟು ಜೊಳ್ಳು ನೆಪವನ್ನು ಮಾತ್ರ ಯಾರೂ ಹೇಳಿರಲಿಲ್ಲ.

"ನಾನೂ ಕಂಡಕ್ಟರ ಇದ್ದವನ್ರಿ. ಮೂವತ್ತೊಂದು ವರ್ಷ ಸರ್ವಿಸು," ಎಂದ, ದನಿ ತಗ್ಗಿಸಿ.

"ಹಾಗಾದ್ರೆ ನಿಮಗೇ ಗೊತ್ತಿರತ್ತಲ್ಲ ಸರ್," ಎಂದು ಶಿಲ್ಪಾ ತುಟಿಯಂಚಿನಲ್ಲೇ ನಕ್ಕಳು. "ಟೋಕನ್ ಕಳೆದ್ರೆ ದಂಡ ಕಟ್ಟಬೇಕು. ಆ ಕೌಂಟರಲ್ಲಿ."

ಗೇಟಿನ ಆಚೆಯಿಂದ ಭರಮವ್ವನ ದನಿ ಕೇಳಿತು. "ಬಿಡಬ್ಯಾಡವಾ! ಊರ ಮಂದಿಗೆಲ್ಲಾ ಎರಡೆರಡು ಟಿಕೀಟು ಹರದಾರ ಅವರು!"

ಸಾಲಿನಲ್ಲಿದ್ದವರು ನಕ್ಕರು. ಗುಡದಪ್ಪ ಕೌಂಟರಿಗೆ ಹೋಗಿ, ಒಂದು ಮಾತೂ ಚೌಕಾಸಿ ಮಾಡದೆ ದಂಡ ಕಟ್ಟಿದ. ಆಮೇಲೆ ಕಿಟಕಿಯ ಮುಂದೆ ಸೆಟೆದು ನಿಂತ.

"ರಸೀದಿ ಕೊಡ್ರಿ. ರಸೀದಿ ಇಲ್ದ ನಾ ರೊಕ್ಕ ಕೊಡೋ ಪೈಕಿ ಅಲ್ಲ."

ಕೊಟ್ಟರು. ತಾರೀಖು, ಮೊತ್ತ, ಎಲ್ಲ ಸರಿಯಾಗಿವೆಯೇ ಎಂದು ಓದಿ ನೋಡಿ ಮಡಚಿ ಇಟ್ಟುಕೊಂಡ.

ಹೊರಗೆ ಮೆಟ್ಟಿಲ ಬುಡದಲ್ಲಿ ಚಹಾದ ಗಾಡಿ ಇತ್ತು. ಭರಮವ್ವ ತಾನೇ ಎರಡು ಕಪ್ಪು ತಂದು ಒಂದನ್ನು ಅವನ ಕೈಗಿತ್ತಳು. ಗುಡದಪ್ಪ ಚೀಲ ಕೆಳಗಿಟ್ಟು ಕಟ್ಟೆಯ ಮೇಲೆ ಕೂತ. ತಾನಾಗಿಯೇ ನಗತೊಡಗಿದ.

"ಅಲ್ಲ, ಎರಡನೇ ಟಿಕೀಟು ತಗೊಂಡ ಮಂದಿಯೊಳಗ ಒಬ್ರಿಬ್ರು ಖರೇನ ಹೇಳಿರಬೇಕಲ್ಲ?"

"ಇದ್ದಿರಬೇಕು."

"ನನಗ ಏನೇನು ಬೈದಿರಬೇಕು!"

"ಬೈದಾರ," ಎಂದಳು ಭರಮವ್ವ, ಚಹಾಕ್ಕೆ ಊದುತ್ತ. "ಸಂತ್ಯಾಗ, ನಳದ ಕಡೆ, ನಾನ ಕಿವಿಯಾರೆ ಕೇಳೇನಿ."

ಗುಡದಪ್ಪ ಬೆಚ್ಚಿ ಅವಳತ್ತ ತಿರುಗಿದ. ಇಷ್ಟು ವರ್ಷ ಇವಳು ಒಂದು ಸಲವೂ ಹೇಳಿರಲಿಲ್ಲ. "ಏನಂತಿದ್ರು?"

"ಈಗ ಬ್ಯಾಡ. ಮೊದಲು ಚಾ ಕುಡೀರಿ, ಆರತೈತಿ."