ಸಾಸಕ್ಕನ ಎರಡು ಬೆರಳು

ಬಾಟಲಿಯ ಖಾರದ ಸಾಸ್ ನೆಕ್ಕಿ ಅಂಕ ಕೊಡುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರಿಗೆ ಉತ್ತರ ಕೊಡುವುದನ್ನು ಸಾಸಕ್ಕ ಎಂದೋ ಬಿಟ್ಟಿದ್ದಳು. ಗ್ರಾಹಕರ ಸಂಘದ ಕಚೇರಿಯಲ್ಲಿ ಹೆಸರಿಗೆ ಅವಳದು ಫೋನ್ ಎತ್ತುವ ಕೆಲಸ. ಕೆಟ್ಟ ಮಿಕ್ಸಿ, ಹುಳು ಬಿದ್ದ ಹಿಟ್ಟು, ಮೊದಲ ಒಗೆತಕ್ಕೇ ಬಣ್ಣ ಬಿಟ್ಟ ಅಂಗಿ, ಹೀಗೆ ಊರವರ ಗೋಳನ್ನೆಲ್ಲ ಹೂಂಗುಟ್ಟುತ್ತಾ ಕೇಳಬೇಕು. ಹಿಂದೊಮ್ಮೆ ಸಾಸ್ ರುಚಿ ನೋಡುವ ತಂಡದಲ್ಲಿ ಯಾರಿಗೋ ಹೊಟ್ಟೆ ಕೆಟ್ಟಿತೆಂದು, ಕುರ್ಚಿ ಖಾಲಿ ಇರಬಾರದೆಂದು ಇವಳನ್ನು ಕೂರಿಸಿದರು. ಉಳಿದವರೆಲ್ಲ ಕಣ್ಣು ಮೂಗು ಒರೆಸಿಕೊಳ್ಳುತ್ತಿದ್ದಾಗ ಇವಳು ತಣ್ಣಗೆ, "ಇದ್ರಲ್ಲಿ ಬೆಳ್ಳುಳ್ಳಿ ಒಂಚೂರು ಸೀದಿದೆ" ಎಂದಳು. ಅಂದಿನಿಂದ ಕುರ್ಚಿ ಇವಳದೇ ಆಯಿತು. ಮನೆಯ ಬೀದಿಯಲ್ಲಿ ಕೂಡ ಅಪ್ಪ ಅಮ್ಮ ಇಟ್ಟ ಹೆಸರು ಮರೆತುಹೋಗಿ ಸಾಸಕ್ಕ ಎಂಬುದೇ ನಿಂತುಬಿಟ್ಟಿತು.

ಅವಳಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ಬೇಸರವೇನು ಬಂತು, ಒಳಗೊಳಗೇ ಜಂಭವೇ ಇತ್ತು. ಸಂಘದವರು ವರ್ಷಕ್ಕೊಮ್ಮೆ ತಮ್ಮ ಪತ್ರಿಕೆಯಲ್ಲಿ ಸಾಸುಗಳಿಗೆ ನಕ್ಷತ್ರ ಕೊಡುತ್ತಾರೆ. ಅಂಗಡಿಯವರು ಆ ಪುಟವನ್ನು ಕತ್ತರಿಸಿ ಗಲ್ಲಾದ ಪಕ್ಕ ಅಂಟಿಸಿಕೊಳ್ಳುತ್ತಾರೆ. ಅಷ್ಟು ದೊಡ್ಡ ಮಾತಿನಲ್ಲಿ ತನ್ನ ನಾಲಿಗೆಯದೂ ಒಂದು ಪಾಲಿದೆ ಎನ್ನುವುದು ಫೋನ್ ಎತ್ತುವವಳಿಗೆ ಸಣ್ಣ ಸಂಗತಿಯಲ್ಲ.

ಈ ವರ್ಷ ಮಾತ್ರ ಆ ಜಂಭದ ಜಾಗದಲ್ಲಿ ಅಳುಕಿತ್ತು. ತಮ್ಮನ ಬಾಟಲಿ ಬಂದಿತ್ತು.

ತಮ್ಮ ಒಂದು ದೊಡ್ಡ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವನಾಗಿದ್ದ. ಕಾರ್ಖಾನೆಗೆ ಬೀಗ ಬಿತ್ತು, ಕ್ಯಾಂಟೀನಿನ ಒಲೆಯೂ ಆರಿತು. ಮನೆಯ ಪಕ್ಕದ ಕಾರ್ ಶೆಡ್ಡನ್ನು ತೊಳೆದು ಬಳಿದು ಅಲ್ಲಿ ಸಾಸ್ ಕುದಿಸಲು ಶುರುಮಾಡಿದ. ಪ್ರತಿ ಪಾತ್ರೆಯೂ ಇಳಿಯುವ ಮುಂಚೆ ಸ್ಟೀಲ್ ಚಮಚ ಹಿಡಿದುಕೊಂಡು ಅಕ್ಕನ ಮುಂದೆ ನಿಲ್ಲುತ್ತಿದ್ದ. ಅಕ್ಕ ಹುಳಿ ಸಾಲದು ಎಂದರೆ ಹುಳಿ, ಉಪ್ಪು ಮುಂದು ಎಂದರೆ ಮತ್ತೆ ಅರ್ಧ ಪಾತ್ರೆ ಟೊಮೇಟೊ. ಲೇಬಲ್ ಅಚ್ಚು ಹಾಕಿಸುವಾಗಲೂ ಕೇಳಿದ್ದ. ಲೇಬಲ್ ಮೇಲೆ ಕಡಿಮೆ ಖಾರ, ಮಧ್ಯಮ ಖಾರ, ಕಡು ಖಾರ, ಈ ಮೂರರಲ್ಲಿ ಒಂದನ್ನು ತಯಾರಿಸಿದವರೇ ಹಾಕಬೇಕು.

"ಯಾವ್ದು ಹಾಕ್ಲಿ ಅಕ್ಕಾ?"

"ಇದೇನ್ ಮಹಾ ಖಾರ ಕಣೋ, ಹಾಲು ಕುಡಿಯೋ ಮಗುಗೂ ತಿನ್ನಿಸ್ಬೋದು. ಕಡಿಮೆ ಅಂತ್ಲೇ ಹಾಕು" ಎಂದಿದ್ದಳು ಅವಳು, ಬೆರಳು ನೆಕ್ಕುತ್ತಾ.

ಅವನು ಹಾಗೆಯೇ ಹಾಕಿಸಿದ. ದೊಡ್ಡದೊಂದು ಅಂಗಡಿಯವರು, ಊರೂರಲ್ಲಿ ಅವರ ಶಾಖೆಗಳಿವೆ, ಸಂಘದ ಪುಟದಲ್ಲಿ ಮೂರು ನಕ್ಷತ್ರ ಬಂದರೆ ಎಲ್ಲ ಕಡೆಯೂ ಇಡುತ್ತೇವೆ ಎಂದು ಮಾತು ಕೊಟ್ಟಿದ್ದರು. ಬಾರದಿದ್ದರೆ ಏನು ಎಂದು ಯಾರೂ ಹೇಳಿರಲಿಲ್ಲ. ತಮ್ಮ ಮಾತ್ರ ಒಮ್ಮೆ ಪಾತ್ರೆ ಉಜ್ಜುತ್ತಾ, ತಲೆ ಎತ್ತದೆ, "ಇದೂ ಕೈಕೊಟ್ರೆ ಸಾಕಕ್ಕಾ, ಶೆಡ್ ಬಾಗಿಲು ಹಾಕ್ಬಿಡ್ತೀನಿ. ಇನ್ನೊಂದ್ಸಲ ಏಳೋ ಶಕ್ತಿ ನಂಗಿಲ್ಲ" ಎಂದಿದ್ದ. ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು.

ಅವಳು ಮುಚ್ಚಿಟ್ಟವಳಲ್ಲ. ತಂಡದ ಮುಖ್ಯಸ್ಥರಿಗೆ ಮೊದಲೇ ಹೇಳಿದ್ದಳು. ಅವರು ಹಳೆಯ ಹೋಟೆಲಿನ ಅಡುಗೆ ಭಟ್ಟರು, ಬೋಳು ತಲೆ, ಮಾತು ಕಮ್ಮಿ. "ನಿಮ್ಮ ತಮ್ಮನ ಬಾಟ್ಲಿ ಬಂದಾಗ ನಿಮ್ಮ ಬೆರಳು ಲೆಕ್ಕಕ್ಕಿಲ್ಲ. ಯಾವ್ದು ಅಂತ ನಾನು ಹೇಳಲ್ಲ. ನಿಮಗೇ ಗೊತ್ತಾದ್ರೆ ಬಾಯಿಗೆ ಬೀಗ. ಒಂದು ಮಾತಾಡಿದ್ರೂ ಆ ಬಾಟ್ಲಿ ಸ್ಪರ್ಧೆಯಿಂದ ಹೊರಗೆ" ಎಂದಿದ್ದರು. ನ್ಯಾಯವಾದ ಮಾತೇ. ಅವಳು ತಲೆಯಾಡಿಸಿದ್ದಳು.

ರುಚಿ ನೋಡುವ ಕೋಣೆಯಲ್ಲಿ ಕಿಟಕಿ ತೆರೆಯುವಂತಿಲ್ಲ, ಬೀದಿಯ ವಾಸನೆ ಒಳಗೆ ಬರಬಾರದು. ಬಿಳಿ ಮೇಜು, ಉಪ್ಪಿಲ್ಲದ ಬಿಸ್ಕತ್ತು, ತಣ್ಣನೆಯ ಹಾಲು, ನಂಬರು ಹಚ್ಚಿದ ಪುಟ್ಟ ಬಟ್ಟಲುಗಳು. ಕಡಿಮೆ ಖಾರದವು ಮೊದಲು, ಕಡು ಖಾರದವು ಕೊನೆಗೆ. ಅದು ಹಿಂದುಮುಂದಾದರೆ ನಾಲಿಗೆ ಸತ್ತು ಮುಂದಿನದೆಲ್ಲ ಮಣ್ಣು ತಿಂದಂತೆ. ರುಚಿ, ವಾಸನೆ, ಹದ ಇವಕ್ಕೆಲ್ಲ ನಿಧಾನವಾಗಿ ಯೋಚಿಸಿ ಅಂಕ. ಖಾರಕ್ಕೆ ಮಾತ್ರ ಹಾಗಲ್ಲ. ಖಾರದಲ್ಲಿ ಒಬ್ಬರ ಮುಖ ನೋಡಿ ಇನ್ನೊಬ್ಬರು ಹೇಳಿಬಿಡುತ್ತಾರೆಂದು ಭಟ್ಟರು ಒಂದು ಪದ್ಧತಿ ಮಾಡಿದ್ದರು. ಎಲ್ಲರೂ ಕಣ್ಣು ಮುಚ್ಚಿ ನುಂಗಬೇಕು, ಅವರು ಮೇಜು ತಟ್ಟಿದ ಕೂಡಲೇ ಬೆರಳೆತ್ತಬೇಕು, ಆಮೇಲೆ ಕಣ್ಣು ಬಿಡಬೇಕು. ಒಂದು ಬೆರಳೆಂದರೆ ಸಪ್ಪೆ, ಎರಡು ಕೈಯ ಬೆರಳೂ ಮೇಲೆ ಹೋದರೆ ಬೆಂಕಿ. ಎಲ್ಲಕ್ಕಿಂತ ಹೆಚ್ಚಿನದನ್ನೂ ಎಲ್ಲಕ್ಕಿಂತ ಕಡಿಮೆಯದನ್ನೂ ಬಿಟ್ಟು ಉಳಿದದ್ದನ್ನು ಲೆಕ್ಕಕ್ಕೆ ಹಿಡಿಯುತ್ತಿದ್ದರು.

ಆ ಬಿಟ್ಟುಬಿಡುವ ಕಡಿಮೆ ಬೆರಳು ಯಾವಾಗಲೂ ಸಾಸಕ್ಕನದೇ. ಅದೊಂದು ತಮಾಷೆಯಾಗಿತ್ತು. "ಸಾಸಕ್ಕನ ಗಂಟ್ಲಿಗೆ ತಗಡು ಹೊಡೆಸಿದಾರೆ" ಎಂದು ತಂಡದಲ್ಲಿದ್ದ ಹಲ್ಲಿನ ಡಾಕ್ಟರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಹೊಗಳಿಕೆ ಎಂದೇ ತಿಳಿದಿದ್ದಳು ಪಾಪ.

ಕಡಿಮೆ ಖಾರದ ಸಾಲಿನಲ್ಲಿ ಮೊದಲ ಎರಡು ಬಟ್ಟಲು ಸಕ್ಕರೆ ಪಾಕದಂತಿದ್ದವು. ಮೂರನೆಯದು ನಾಲಿಗೆಗೆ ತಗುಲಿದ್ದೇ ತಡ, ಅವಳಿಗೆ ಗುರುತು ಸಿಕ್ಕಿತು. ಹುರಿದ ಬೆಳ್ಳುಳ್ಳಿ, ಅದರ ಹಿಂದೆ ಮಾಗಿದ ಟೊಮೇಟೊದ ಸಿಹಿ, ಕೊನೆಯಲ್ಲಿ ಒಂದು ಎಳೆ ಹುಳಿ. ಇನ್ಯಾರ ಕೈಯೂ ಅಲ್ಲ. ಎಷ್ಟು ಚೆನ್ನಾಗಿದೆ, ನನ್ನ ತಮ್ಮ ಎಷ್ಟು ಚೆನ್ನಾಗಿ ಮಾಡಿದ್ದಾನೆ ಎಂದು ಕಣ್ಣು ಮುಚ್ಚಿಕೊಂಡೇ ಹಿಗ್ಗಿದಳು. ಭಟ್ಟರು ಮೇಜು ತಟ್ಟಿದರು. ಅವಳು ಎರಡು ಬೆರಳು ಎತ್ತಿದಳು.

ಕಣ್ಣು ಬಿಟ್ಟಾಗ ಕೋಣೆಯ ಚಿತ್ರವೇ ಬೇರೆಯಾಗಿತ್ತು. ತಂಡದ ಇನ್ನೊಬ್ಬರು, ಬೇಕರಿ ನಡೆಸುವ ಬೇಕರಿಯಮ್ಮ, ಎರಡು ಕೈಯನ್ನೂ ಎತ್ತಿ, ಹಾಲಿನ ಲೋಟ ಎತ್ತಿಕೊಳ್ಳಲು ಮೂರನೆಯ ಕೈ ಇಲ್ಲದೆ ಒದ್ದಾಡುತ್ತಿದ್ದರು. ಹಲ್ಲಿನ ಡಾಕ್ಟರ ಮುಖ ಕೆಂಡವಾಗಿತ್ತು, ಕೆಮ್ಮು ನಿಲ್ಲುತ್ತಿರಲಿಲ್ಲ. ಭಟ್ಟರ ಬೋಳು ತಲೆಯಿಂದ ಬೆವರು ಇಳಿಯುತ್ತಿತ್ತು, ಅವರವು ಒಂಬತ್ತು ಬೆರಳು. ಅಷ್ಟರ ನಡುವೆ ಸಾಸಕ್ಕನ ಎರಡು ಬೆರಳು ಗಾಳಿಯಲ್ಲಿ ನಿಂತಿದ್ದವು. ಡಾಕ್ಟರು ಕೆಮ್ಮಿನ ನಡುವೆಯೇ ಅವನ್ನು ನೋಡಿ ನಗಲು ಹೋಗಿ ಮತ್ತಷ್ಟು ಕೆಮ್ಮಿದರು.

"ಯಾವ ಪುಣ್ಯಾತ್ಮ ಸ್ವಾಮೀ ಇದನ್ನ ಕಡಿಮೆ ಖಾರ ಅಂತ ಬರ್ದಿದ್ದು?" ಎಂದರು ಬೇಕರಿಯಮ್ಮ, ಸೆರಗಿನಿಂದ ಮೂಗು ಒತ್ತಿಕೊಂಡು. "ಮಕ್ಳು ಮರಿ ತಿಂದ್ರೆ ಗತಿ ಏನು?"

ಮೊದಲು ಅವಳಿಗೆ ಬಂದದ್ದು ಸಿಟ್ಟು, ಅದೂ ತಮ್ಮನ ಮೇಲೆ. ಕೊನೆ ಗಳಿಗೆಯಲ್ಲಿ ಮೆಣಸಿನಕಾಯಿ ಜಾಸ್ತಿ ಸುರಿದನೇ ಹುಚ್ಚ? ಚಮಚದ ತುದಿಯಲ್ಲಿ ಮತ್ತೊಮ್ಮೆ ನೆಕ್ಕಿದಳು. ಅದೇ ಸಾಸು. ಮೊನ್ನೆ ಶೆಡ್ಡಿನಲ್ಲಿ ನೆಕ್ಕಿದ್ದು, ಅದರ ಹಿಂದಿನ ವಾರ ನೆಕ್ಕಿದ್ದು, ಲೇಬಲ್ ಹಾಕಿಸುವ ದಿನ ನೆಕ್ಕಿದ್ದು. ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಅವಳು ಬೇಕರಿಯಮ್ಮನ ಒದ್ದೆ ಕಣ್ಣು ನೋಡಿದಳು, ತನ್ನ ಬೆರಳು ನೋಡಿಕೊಂಡಳು. ಮೊದಲೇ ಖಾರಕ್ಕೆ ಬಗ್ಗದ ನಾಲಿಗೆ, ಇಷ್ಟು ವರ್ಷ ಬೆಂಕಿ ನೆಕ್ಕಿ ನೆಕ್ಕಿ ಅದರಲ್ಲಿ ಖಾರದ ಜಾಗ ಒಂದೇ ಸತ್ತುಹೋಗಿತ್ತು. ಉಳಿದದ್ದೆಲ್ಲ ಬದುಕಿತ್ತು, ಅದಕ್ಕೇ ಅವಳಿಗೆ ಗೊತ್ತಾಗಿರಲಿಲ್ಲ. ಆ ಪುಣ್ಯಾತ್ಮ ತಮ್ಮನಲ್ಲ, ತಾನೇ.

ಬಾಯಿ ತೆರೆದಳು. ಭಟ್ಟರು ಅಂಗೈ ಎತ್ತಿದರು.

"ಸಾಸಕ್ಕ. ಬೇಡ."

ಬಾಯಿ ಮುಚ್ಚಿದಳು. ಮಾತಾಡಿದರೆ ಬಾಟಲಿ ಸ್ಪರ್ಧೆಯಿಂದ ಹೊರಗೆ, ಹಾಗೆಂದು ಲೇಬಲ್ಲಿನ ಎಚ್ಚರಿಕೆ ತಪ್ಪುವುದಿಲ್ಲ. ಸುಮ್ಮನಿದ್ದರೂ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಲೇಬಲ್ಲಿಗೂ ಖಾರಕ್ಕೂ ಅಜಗಜಾಂತರವಿದ್ದರೆ ಆ ಸಾಸಿಗೆ ರುಚಿಯ ಅಂಕ ಹಾಕುವುದಿಲ್ಲ. ಪುಟದ ಕೆಳಗೆ ಕಪ್ಪು ಚೌಕದೊಳಗೆ, "ಇವುಗಳ ಲೇಬಲ್ ನಂಬಬೇಡಿ" ಎಂಬ ಸಾಲಿನ ಅಡಿಯಲ್ಲಿ ಅದರ ಹೆಸರು ಬರುತ್ತದೆ. ನಕ್ಷತ್ರವೇ ಬಾರದ ಬಾಟಲಿಯನ್ನಾದರೂ ಯಾರೋ ಒಬ್ಬರು ಕರುಣೆಯಿಂದ ಇಟ್ಟುಕೊಳ್ಳಬಹುದು. ಕಪ್ಪು ಚೌಕದ ಬಾಟಲಿಯನ್ನು ಯಾವ ಅಂಗಡಿಯವನೂ ಮುಟ್ಟುವುದಿಲ್ಲ.

ಭಟ್ಟರು ಮೂರನೆಯ ಬಟ್ಟಲನ್ನು ಮೇಜಿನ ತುದಿಗೆ ಸರಿಸಿದರು. ಎಲ್ಲರ ಬಾಯಿಯೂ ತಣಿಯಲೆಂದು ಬಿಡುವು ಕೊಟ್ಟರು.

ಹೊರಗಿನ ಓಣಿಯಲ್ಲಿ ಬೇಕರಿಯಮ್ಮ ಎರಡನೆಯ ಲೋಟ ಹಾಲು ಹಿಡಿದು ಅವಳ ಪಕ್ಕ ಬಂದು ನಿಂತರು. "ಉರಿ ಹೋದ್ಮೇಲೆ ರುಚಿ ಗೊತ್ತಾಗ್ತಿದೆ ನೋಡಿ. ಏನ್ ರುಚಿ ಅಂತೀರಿ! ಕಡು ಖಾರದಲ್ಲಿ ಬಂದಿದ್ರೆ ಕಣ್ಮುಚ್ಕೊಂಡು ಅದಕ್ಕೇ ಮೊದಲ ಸ್ಥಾನ ಕೊಡ್ತಿದ್ದೆ. ಮಾಡಿದವ್ರ ಗ್ರಹಚಾರ." ಸಾಸಕ್ಕ ಹೂಂ ಎಂದಳು.

ಎಲ್ಲ ಮುಗಿದು, ಅಂಕಗಳೆಲ್ಲ ಕೂಡಿದ ಮೇಲೆ, ಭಟ್ಟರು ಸಿಂಕಿನ ಮುಂದೆ ಒಬ್ಬರೇ ಬಟ್ಟಲು ತೊಳೆಯುತ್ತಿದ್ದರು. ಈಗ ಬಾಯಿಗೆ ಬೀಗವಿರಲಿಲ್ಲ.

"ಅದನ್ನ ಕಡು ಖಾರಕ್ಕೆ ಸೇರಿಸಿ ಭಟ್ರೇ, ಕೈ ಮುಗೀತೀನಿ. ತಪ್ಪು ಅವ್ನದಲ್ಲ. ಕಡಿಮೆ ಅಂತ ಬರೆಸ್ದವ್ಳು ನಾನು."

"ನಿಮ್ಮ ಬೆರಳು ನೋಡ್ದಾಗ್ಲೇ ಗೊತ್ತಾಯ್ತು." ಅವರು ನಲ್ಲಿ ನಿಲ್ಲಿಸಿದರು. "ಮಾರೋ ಬಾಟ್ಲಿ ಮೇಲೂ ಅದೇ ಅಚ್ಚಾಗಿದೆಯಲ್ವಾ?"

"ಆಗಿದೆ."

"ಒಬ್ಬ ತಾಯಿ ಆ ಅಕ್ಷರ ನಂಬಿ ಮಗುವಿನ ತಟ್ಟೆಗೆ ಹಾಕಿದ್ರೆ? ನೀವೇ ಹೇಳಿ, ನಾನೇನ್ ಬರೀಲಿ?"

ಅವರು ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು, ಶಾಪ ಹಾಕಬಹುದಿತ್ತು. ಒಳ್ಳೆಯ ಮನುಷ್ಯ ಸರಿಯಾದ ಮಾತಾಡಿದರೆ ಎದುರಿಗಿದ್ದವರು ಎಲ್ಲಿಗೆ ಹೋಗಬೇಕು? "ಮುಂದಿನ ವರ್ಷ ಮತ್ತೆ ಕಳಿಸ್ಲಿ. ಪುಟ ಅಚ್ಚಾಗೋ ಮೊದ್ಲು ನೀವೇ ಮನೇಲಿ ಹೇಳ್ಬಿಡಿ, ಬೇರೆಯವ್ರಿಂದ ಗೊತ್ತಾಗೋದು ಬೇಡ" ಎಂದು ಅವರು ಮತ್ತೆ ನಲ್ಲಿ ಬಿಟ್ಟರು. ಮುಂದಿನ ವರ್ಷದವರೆಗೆ ಆ ಶೆಡ್ಡಿನ ಬಾಗಿಲು ತೆರೆದಿರುವುದಿಲ್ಲ ಎಂದು ಅವಳಿಗೆ ಮಾತ್ರ ಗೊತ್ತಿತ್ತು.

ಸಂಜೆ ಶೆಡ್ಡಿಗೆ ಹೋದಾಗ ಒಲೆಯ ಮೇಲೆ ದೊಡ್ಡ ಪಾತ್ರೆ ಕುದಿಯುತ್ತಿತ್ತು. ತಮ್ಮನ ಹೆಂಡತಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ಸೌಟಿನಿಂದ ತಿರುವುತ್ತಿದ್ದಳು. ಗೋಡೆಯುದ್ದಕ್ಕೂ ಪೆಟ್ಟಿಗೆಗಳು, ಪೆಟ್ಟಿಗೆಗಳಲ್ಲಿ ಬಾಟಲಿಗಳು, ಪ್ರತಿ ಬಾಟಲಿಯ ಹೊಟ್ಟೆಯ ಮೇಲೂ ಹಸಿರು ಅಕ್ಷರದಲ್ಲಿ "ಕಡಿಮೆ ಖಾರ". ತಮ್ಮ ಅವಳ ಮುಖ ನೋಡಿ ಸ್ಟೂಲು ಎಳೆದು ಕೊಟ್ಟ.

ಅವಳು ಕೂರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದಳು. ಒಂಬತ್ತು ಬೆರಳು, ಹಾಲಿನ ಲೋಟ, ಕಪ್ಪು ಚೌಕ, ಏನನ್ನೂ ಬಿಡಲಿಲ್ಲ. ಅವನು ಬೈಯಲಿ ಎಂದು ಕಾದಳು. ಬೈದರೆ ಅರ್ಧ ಭಾರ ಇಳಿಯುತ್ತಿತ್ತು.

ಅವನು ನಕ್ಕ. "ಅವ್ರಿಗೆ ಖಾರ ತಿಂದು ಅಭ್ಯಾಸ ಇಲ್ಲ ಅಷ್ಟೆ. ನೀನು ತಪ್ಪು ಹೇಳೋದುಂಟಾ?"

"ಹೇಳ್ದೆ ಕಣೋ. ತಪ್ಪೇ ಹೇಳ್ದೆ. ನನ್ನ ನಾಲಿಗೆಗೆ ಖಾರ ಗೊತ್ತಾಗ್ತಿಲ್ಲ, ಸತ್ತೋಗಿದೆ. ನಿನ್ನ ಹಾಳು ಮಾಡಿದವ್ಳು ನಾನೇ."

"ನಾನು ಮೊದ್ಲಿಂದ ಹೇಳ್ತಾನೇ ಇದ್ದೆ, ಬಾಯಿ ಉರಿಯುತ್ತೆ ಅಂತ" ಎಂದಳು ತಮ್ಮನ ಹೆಂಡತಿ ಬಟ್ಟೆಯ ಹಿಂದಿನಿಂದ. "ಯಾರು ಕೇಳ್ತಾರೆ ನನ್ನ ಮಾತು?"

"ನೀನು ಈರುಳ್ಳಿ ಹೆಚ್ಚಿದ್ರೂ ಅಳ್ತೀಯ, ಸುಮ್ನಿರು" ಎಂದ ಅವನು. ಆದರೆ ನಗು ಹೋಗಿತ್ತು. ಪೆಟ್ಟಿಗೆಗಳ ಕಡೆ ಒಮ್ಮೆ ನೋಡಿದ, ಹಸಿರು ಅಕ್ಷರಗಳನ್ನು ಆ ತುದಿಯಿಂದ ಈ ತುದಿಯವರೆಗೆ ಓದಿದ, ಅಲ್ಲೇ ಪೆಟ್ಟಿಗೆಯೊಂದರ ಮೇಲೆ ಕುಸಿದು ಕೂತ. ಸಾಸಕ್ಕನಿಗೆ ಅವನ ತಲೆ ಮುಟ್ಟಬೇಕೆನಿಸಿತು. ಕೈ ಮೇಲೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಅವನೇ ಎದ್ದ. ಮುಖ ತೊಳೆದುಕೊಂಡು ಬಂದು, ಹೆಂಡತಿಯ ಕೈಯಿಂದ ಸೌಟು ತೆಗೆದುಕೊಂಡ. ರುಬ್ಬಿಟ್ಟಿದ್ದ ಟೊಮೇಟೊವನ್ನೆಲ್ಲ ಪಾತ್ರೆಗೆ ಸುರಿದ, ಸಕ್ಕರೆ ಹಾಕಿದ, ಉರಿ ಸಣ್ಣ ಮಾಡಿ ತಿರುವಿದ. ಅಂಗಡಿಯವರ ಹತ್ತಿರ ಹೋಗಿ ಕಾಲಾದರೂ ಹಿಡಿಯುತ್ತೇನೆ, ಹೊಸದನ್ನು ತೋರಿಸುತ್ತೇನೆ ಎಂದು ಪಾತ್ರೆಯೊಳಗೇ ಗೊಣಗಿದ. ಆಮೇಲೆ ಸ್ಟೀಲ್ ಚಮಚದಲ್ಲಿ ತೆಗೆದು, ಊದಿ ಆರಿಸಿ, ಎಂದಿನಂತೆ ಅಕ್ಕನ ಮುಂದೆ ಹಿಡಿದ.

"ಈಗ ನೋಡು. ಈಗ ಕಮ್ಮಿ ಆಗಿದ್ಯಾ?"

"ಅವ್ರನ್ಯಾಕೆ ಕೇಳ್ತೀರಿ, ಇಲ್ಲಿ ಕೊಡಿ" ಎಂದಳು ಹೆಂಡತಿ. ಅವನಿಗೆ ಅದು ಕೇಳಿಸಲೇ ಇಲ್ಲ. ಅವನು ಅಕ್ಕನ ಬಾಯನ್ನೇ ನೋಡುತ್ತಿದ್ದ, ಕ್ಯಾಂಟೀನಿಗೆ ಬೀಗ ಬಿದ್ದ ದಿನದಿಂದ ನೋಡುತ್ತಾ ಬಂದ ಹಾಗೆಯೇ. ಈ ಲೋಕದಲ್ಲಿ ಅವನಿಗೆ ನಂಬಿಕೆಯಿದ್ದದ್ದು ಆ ಒಂದು ನಾಲಿಗೆಯ ಮೇಲೆ. ಅದು ಸತ್ತಿದೆ ಎಂದು ಆ ನಾಲಿಗೆಯೇ ಹೇಳಿದರೂ ಅವನು ನಂಬುವವನಲ್ಲ.

ಸಾಸಕ್ಕ ಅವನು ಹಿಡಿದ ಚಮಚಕ್ಕೇ ಬಾಯಿಯಿಟ್ಟಳು. ಬೆಳ್ಳುಳ್ಳಿ ಬಂತು. ಸಿಹಿ ಬಂತು, ಸ್ವಲ್ಪ ಜಾಸ್ತಿಯೇ. ಹುಳಿ ಬಂತು. ತಮ್ಮ ಚಮಚ ಹಿಡಿದ ಕೈಯನ್ನು ಕೆಳಗಿಳಿಸದೆ, "ಹೇಳಕ್ಕಾ" ಎಂದ. ಅವಳು ಒಂದು ಕೈ ಎತ್ತಿ ತಡೆ ಎಂದು ಸನ್ನೆ ಮಾಡಿ, ಕಣ್ಣು ಮುಚ್ಚಿ, ಖಾರ ಬರಲಿ ಎಂದು ಕಾಯುತ್ತಾ ನಿಂತಳು.